ಹೆಣ್ಣಿನ ಪಾತ್ರದ ಮಾಸ್ತರ ಹಳೇ ಹ್ಯಾಂಡ್‌ಬಿಲ್ ಯಾರ ಹತ್ತಿರವಾದರೂ ಇದೆಯಾ? (ಕಲಬುರಗಿ, ಯಾದಗಿರಿ, ಬೀದರ್ ಕಡೆಯವರು ನೋಡಿ)

ತೊಗರಿ ಕಣಜ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಒಂದು ಸಹಾಯ ಬೇಕಿತ್ತು. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಓಣಿಯಲ್ಲಿ ಒಬ್ಬರು ಮಾಸ್ತರು ಇದ್ದಾರೆ. ಶಾಲೆ ಮಾಸ್ತರಲ್ಲ, ನಾಟಕದ ಮಾಸ್ತರು. ಹೆಸರು ಹಾಕಬೇಡ ಅಂದಿದ್ದಾರೆ, ಹಾಗಾಗಿ ಮಾಸ್ತರು ಅಂತಲೇ ಬರೆಯುತ್ತೇನೆ. ಜೇವರ್ಗಿ ಕಡೆಯ ಹಳ್ಳಿಯವರು. ಎಂಬತ್ತರ ದಶಕದಿಂದ ಹೆಣ್ಣಿನ ಪಾತ್ರ ಮಾಡಿಕೊಂಡು ಬಂದಿದ್ದಾರೆ. ಮೊದಲು ಊರಿನ ಬಯಲಾಟ, ಆಮೇಲೆ ಒಂದು ನಾಟಕ ಕಂಪನಿ. ಆ ಕಂಪನಿ ಮುಳುಗಿದ ಮೇಲೆ ಜಾತ್ರೆಗೆ ಊರ ಹುಡುಗರು ಆಡುವ ನಾಟಕ, ಆರ್ಕೆಸ್ಟ್ರಾ, ಸಿಕ್ಕಿದ್ದೆಲ್ಲ. ಈಗ ವೇಷದ ಬಟ್ಟೆ ಬಾಡಿಗೆ ಕೊಡುವ ಸಣ್ಣ ಅಂಗಡಿ ಇದೆ. ಶಾಲೆ ಗ್ಯಾದರಿಂಗ್ ಬಂತು ಅಂದರೆ ಕಿತ್ತೂರು ಚನ್ನಮ್ಮ, ಅಕ್ಕಮಹಾದೇವಿ ಆಗಬೇಕಾದ ಮಕ್ಕಳೆಲ್ಲ ಅಲ್ಲಿಯೇ ಸಾಲು ನಿಲ್ಲುತ್ತಾರೆ.

ವಯಸ್ಸು ಅರವತ್ತು ದಾಟಿದೆ. 58 ದಾಟಿದ ಕಲಾವಿದರಿಗೆ ಮಾಸಾಶನ ಇದೆಯಲ್ಲ, ಅದಕ್ಕೆ ಅರ್ಜಿ ಹಾಕಿಸೋಣ ಅಂತ ಕೂತೆ. ಎಲ್ಲಿ ಹೋದರೂ ಕೇಳುವುದು ಒಂದೇ: ಪುರಾವೆ. ಹ್ಯಾಂಡ್‌ಬಿಲ್ ತನ್ನಿ, ಫೋಟೋ ತನ್ನಿ, ಪೇಪರ್ ಕಟಿಂಗ್ ತನ್ನಿ. ಮಾಸ್ತರ ಹತ್ತಿರ ಒಂದು ಕಬ್ಬಿಣದ ಟ್ರಂಕ್ ಇದೆ. ತೆಗೆದು ನೋಡಿದೆ. ಆರು ಸೀರೆ, ಎರಡು ಚವರಿ, ಒಂದು ಡಾಬು, ಒಂದು ಜೊತೆ ಗೆಜ್ಜೆ, ಡಾಂಬರು ಗುಳಿಗೆ. ಕಾಗದ ಅಂತ ಒಂದು ಚೂರೂ ಇಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿದಾಗ ಊರ ಮನೆಯಲ್ಲಿದ್ದ ಫೋಟೋ, ಹ್ಯಾಂಡ್‌ಬಿಲ್ ಎಲ್ಲ ನೀರಿಗೆ ಹೋದವಂತೆ. ಟ್ರಂಕ್ ಮಾತ್ರ ಅಂಗಡಿಯಲ್ಲಿತ್ತು, ಉಳಿಯಿತು.

ಹಾಗಾಗಿ ಕೇಳುತ್ತಿದ್ದೇನೆ. ಶರಣಬಸವೇಶ್ವರ ಜಾತ್ರೆ, ಹುಮನಾಬಾದ್ ವೀರಭದ್ರೇಶ್ವರ ಜಾತ್ರೆ, ಯಾದಗಿರಿ ಹತ್ತಿರದ ಮೈಲಾಪುರ ಮಲ್ಲಯ್ಯನ ಜಾತ್ರೆ. ಇಲ್ಲೆಲ್ಲ ಆಗ ಟೆಂಟ್ ಹಾಕಿದ ನಾಟಕಗಳ ಹ್ಯಾಂಡ್‌ಬಿಲ್ ನಿಮ್ಮ ಅಟ್ಟದ ಮೇಲೆ, ಹಳೇ ಪುಸ್ತಕದ ನಡುವೆ ಎಲ್ಲಾದರೂ ಇದ್ದರೆ ದಯವಿಟ್ಟು ಫೋಟೋ ತೆಗೆದು ಹಾಕಿ.

ಗಂಜ್ ರೋಡ್

ತಪ್ಪು ತಿಳಿಯಬೇಡಿ ಸರ್. ಒಂದು ಮಾತು ಕೇಳುತ್ತೇನೆ. ಸೀರೆ ಉಟ್ಟು ಕುಣಿದವರಿಗೆಲ್ಲ ಮಾಸಾಶನ ಅಂದರೆ ಹೇಗೆ? ಈಗ ಬೆಂಗಳೂರಿನ ಪಬ್‌ಗಳಲ್ಲಿ ಡ್ರ್ಯಾಗ್ ಅಂತ ಶುರುವಾಗಿದೆ, ಗಂಡಸರು ಲಿಪ್‌ಸ್ಟಿಕ್ ಬಳಿದುಕೊಂಡು ಕುಣಿಯುತ್ತಾರೆ. ನಾಳೆ ಅವರೂ ಕಲಾವಿದರು ಅಂತ ಬರ್ತಾರೆ, ಅಲ್ವಾ?

ತೊಗರಿ ಕಣಜ

ಬರಲಿ ಬಿಡಿ, 58 ಆದ ಮೇಲೆ. ಈಗ ಹ್ಯಾಂಡ್‌ಬಿಲ್ ಇದ್ದರೆ ಹೇಳಿ.

ಭೀಮಾ ತೀರ (ಯಾದಗಿರಿ)

ಗಂಜ್ ರೋಡ್ ಅವರೇ, ನಾನು ಇಪ್ಪತ್ತೆರಡು ವರ್ಷ ನಾಟಕಕ್ಕೆ ಕಾಲ್‌ಪೇಟಿ (ಕಾಲಿನಿಂದ ಒತ್ತುವ ಹಾರ್ಮೋನಿಯಂ) ನುಡಿಸಿದವನು. ಈ ಮಾಸ್ತರ ಮುಂದೆ ಕೂತು ಎಷ್ಟೋ ರಾತ್ರಿ ಬೆಳಗು ಮಾಡಿದ್ದೇನೆ. ನಿಮಗೆ ಸಿಟ್ಟಿನಿಂದ ಹೇಳುತ್ತಿಲ್ಲ, ಕುಣಿಯುವುದು ಅದರಲ್ಲಿ ಕೊನೆಯ ಕೆಲಸ.

ಮೊದಲು ದನಿ. ಗಂಡಸರ ದನಿಗೆ ಪೇಟಿಯ ಬಿಳಿ ಒಂದು, ಕರಿ ಒಂದು ಮನೆಯ ಶ್ರುತಿ ಸಾಕು. ಇವರಿಗೆ ಕರಿ ನಾಲ್ಕರಲ್ಲಿ ಪೇಟಿ ಹಿಡಿಯಬೇಕಿತ್ತು. ಕಳ್ಳದನಿಯಲ್ಲಿ ಕಿರುಚಿದರೆ ಹಿಂದೆ ಕೂತ ಹೆಣ್ಣುಮಕ್ಕಳೇ ನಗುತ್ತಾರೆ. ಎದೆಯಿಂದಲೇ ಹಾಡಿ ಅಷ್ಟು ಮೇಲೆ ಹೋಗಬೇಕು, ಅದೂ ಬೆಳಗಿನ ಜಾವ ನಾಲ್ಕರ ತನಕ. ಮೈಕು ಇರುತ್ತಿದ್ದದ್ದು ಒಂದೋ ಎರಡೋ, ಮೇಲಿಂದ ಇಳಿಬಿಟ್ಟಿರುತ್ತಿದ್ದರು.

ಎರಡನೆಯದು ನಡಿಗೆ. ಅವರಿಗೆ ಕಲಿಸಿದ ಬಯಲಾಟದ ಗುರುಗಳು ಮೊದಲ ಮೂರು ತಿಂಗಳು ಒಂದು ಮಾತೂ ಹೇಳಿಕೊಡಲಿಲ್ಲವಂತೆ. ಸೊಂಟದ ಮೇಲೆ ತುಂಬಿದ ಕೊಡ ಇಟ್ಟುಕೊಂಡು ಬಾವಿಯಿಂದ ಮನೆಗೆ ನೀರು ಹೊರಿಸಿದರಂತೆ. ಕೊಡ ಇದ್ದರೆ ಹೆಜ್ಜೆ ತಾನೇ ಚಿಕ್ಕದಾಗುತ್ತದೆ, ಮೊಣಕೈ ಮೈಗೆ ಅಂಟುತ್ತದೆ. ಆಮೇಲೆ ಕೊಡ ತೆಗೆದು, “ಈಗ ಕೊಡ ಐತಿ ಅಂತ ತಿಳಕೊಂಡು ನಡೀ” ಅಂದರಂತೆ. ಸೊಂಟ ಆಡಿಸುವವರನ್ನು ನೋಡಿದರೆ ಮಾಸ್ತರಿಗೆ ಈಗಲೂ ಸಿಟ್ಟು ಬರುತ್ತದೆ. “ನಿಮ್ಮವ್ವ ಹಂಗ ನಡೀತಾಳೇನೋ?” ಅಂತ ಹುಡುಗರಿಗೆ ಬೈಯುತ್ತಿದ್ದರು.

ಮೂರನೆಯದು ಬಣ್ಣ. ಶುರುವಿನಲ್ಲಿ ಹಳ್ಳಿಗೆ ಪ್ಯಾನ್‌ಕೇಕ್ ಮೇಕಪ್ ಎಲ್ಲಿ ಬರಬೇಕು? ಬಿಳಿಗೆ ಸಫೇದಾ, ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ. ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಮೆತ್ತಿಕೊಳ್ಳುವುದು. ಅರದಾಳ ಅಂದರೆ ಆರ್ಸೆನಿಕ್, ಇಂಗಳೀಕ ಅಂದರೆ ಪಾದರಸ. ಯಾರಿಗೆ ಗೊತ್ತಿತ್ತು ಆಗ? ಅವರ ಗಲ್ಲದ ಮೇಲೆ ಈಗಲೂ ಕಪ್ಪು ಕಲೆ ಇವೆ, ನೋಡಿರಬೇಕಲ್ಲ ಕಣಜ ಅವರೇ?

ಹ್ಯಾಂಡ್‌ಬಿಲ್ ನನ್ನ ಹತ್ತಿರ ಇಲ್ಲ. ಇದ್ದದ್ದನ್ನೆಲ್ಲ ನಮ್ಮ ಮನೆಯವರು ಡಬ್ಬಿಗೆ ಹಾಸಿಬಿಟ್ಟರು. ಆದರೆ ಬರೆದುಕೊಡು ಅಂದರೆ ಸಹಿ ಹಾಕಿ ಬರೆದುಕೊಡುತ್ತೇನೆ.

ತೊಗರಿ ಕಣಜ

ಕಲೆ ನೋಡಿದ್ದೇನೆ ಸರ್. ಬಿಸಿಲಿನ ಬಂಗು ಅಂದುಕೊಂಡಿದ್ದೆ.

ಸಹಿ ಖಂಡಿತ ಬೇಕು. ಆದರೆ ಸಹಿ ಜೊತೆ ಒಂದು ಕಾಗದವೂ ಬೇಕಂತೆ.

ರೀಲ್ಸ್ ರಾಣಿ (ಊರು ಕಲಬುರಗಿ, ಈಗ ಬೆಂಗಳೂರು)

ಪಬ್‌ನಲ್ಲಿ ಲಿಪ್‌ಸ್ಟಿಕ್ ಬಳಿದುಕೊಂಡು ಕುಣಿಯುವ ಗಂಡಸರಲ್ಲಿ ನಾನೂ ಒಬ್ಬ. ಗಂಜ್ ರೋಡ್ ಅಣ್ಣಾ, ನಮಸ್ಕಾರ.

ಮೊದಲು ಒಂದು ಗೊಂದಲ ಬಿಡಿಸುತ್ತೇನೆ, ಏಕೆಂದರೆ ಈ ಮಾತು ಎಲ್ಲ ಕಡೆ ಕಲಸುಮೇಲೋಗರ ಆಗಿದೆ. ಮಾಸ್ತರು ಮಾಡಿದ್ದು ಸ್ತ್ರೀಪಾತ್ರ. ಅಲ್ಲಿ ಪಾತ್ರ ಕವಿ ಬರೆದದ್ದು, ಇವರು ತುಂಬಿದ್ದು. ನಾನು ಮಾಡುವುದು ಡ್ರ್ಯಾಗ್. ಇಲ್ಲಿ ಆ ಹೆಣ್ಣು ಯಾರು, ಅವಳ ಹೆಸರೇನು, ಹೇಗೆ ಮಾತಾಡುತ್ತಾಳೆ ಅನ್ನುವುದನ್ನೆಲ್ಲ ನಾನೇ ಕಟ್ಟುತ್ತೇನೆ, ವರ್ಷಗಟ್ಟಲೆ ಅದೇ ಒಬ್ಬಳು. ಮಂಗಳಮುಖಿಯರದ್ದು ಇವೆರಡೂ ಅಲ್ಲ. ಅದು ವೇಷವೇ ಅಲ್ಲ, ಅವರ ಬದುಕು. ಮೂರೂ ಕಡೆ ಸೀರೆ ಇದೆ ಅಂತ ಮೂರೂ ಒಂದೇ ಅನ್ನುವುದು ಖಾಕಿ ಹಾಕಿದವರೆಲ್ಲ ಪೊಲೀಸರು ಅಂದಂತೆ. ಆಟೋದವರೂ ಹಾಕುತ್ತಾರಲ್ಲ?

ಬೆಂಗಳೂರಿನಲ್ಲಿ ಅಲೆಕ್ಸ್ ಮ್ಯಾಥ್ಯೂ ಅವರು 2014ರಲ್ಲಿ ‘ಮಾಯಾ’ ಆಗಿ ವೇದಿಕೆ ಹತ್ತಿದಾಗ ಈ ಪದವೇ ಜಾಸ್ತಿ ಜನರಿಗೆ ಗೊತ್ತಿರಲಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ 377ರ ಬಗ್ಗೆ, ಅಂದರೆ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ, ತೀರ್ಪು ಕೊಟ್ಟ ಮೇಲೆ ಕ್ಲಬ್‌ಗಳ ಬಾಗಿಲು ಸ್ವಲ್ಪ ತೆರೆಯಿತು. ಅಷ್ಟು ಹೊಸದು ನಮ್ಮದು.

ಈಗ ನನ್ನ ಸ್ವಂತ ಕಥೆ. ಏಳನೇ ತರಗತಿಯಲ್ಲಿ ಗ್ಯಾದರಿಂಗ್‌ಗೆ ನನಗೆ ಪೊಲೀಸ್ ಪಾತ್ರ ಕೊಟ್ಟಿದ್ದರು. ಬಟ್ಟೆ ತರಲು ಮಾಸ್ತರ ಅಂಗಡಿಗೆ ಹೋದೆ. ನಾನು ಪೊಲೀಸ್ ಬಟ್ಟೆ ನೋಡುವುದು ಬಿಟ್ಟು ಗೋಡೆಗೆ ನೇತುಹಾಕಿದ್ದ ಹಸಿರು ಇಳಕಲ್ ಸೀರೆಯನ್ನೇ ನೋಡುತ್ತಿದ್ದೆ. ಅವರು ಏನೂ ಕೇಳಲಿಲ್ಲ. ಇಳಿಸಿ ಕೈಗೆ ಕೊಟ್ಟು, “ನಿರಿಗಿ ಹಿಡಿಯೋದು ಕಲಿ, ಕೈಗೆ ಕೆಲಸ ಆಗ್ತದ” ಅಂದರು. ಅವತ್ತು ಮೂರು ಗಂಟೆ ಬರೀ ನಿರಿಗೆ ಹಿಡಿದೆ. ಈಗ ಬೆಂಗಳೂರಿನಲ್ಲಿ ನಮ್ಮ ಗುಂಪಿನ ಎಲ್ಲರಿಗೂ ಸೀರೆ ಉಡಿಸುವವನು ನಾನೇ. ಎರಡು ಪಿನ್ನಿನಲ್ಲಿ ಮುಗಿಸುತ್ತೇನೆ, ನೋಡಿದವರು ಬಾಯಿ ಬಿಡುತ್ತಾರೆ.

ಗಂಜ್ ರೋಡ್

ಸರಿ ತಮ್ಮಾ. ನಿನ್ನ ಮೇಲೆ ನನಗೇನೂ ಸಿಟ್ಟಿಲ್ಲ. ನಾನು ಕೇಳಿದ್ದು ನಮ್ಮ ಸಂಸ್ಕೃತಿಯಲ್ಲಿ ಇದು ಇತ್ತಾ ಅಂತ.

ಭೀಮಾ ತೀರ

ಇತ್ತಾ ಅಂದರೆ? ಮರಾಠಿ ನಾಟಕದಲ್ಲಿ ಹೆಣ್ಣಿನ ಪಾತ್ರ ಮಾಡಿದ ಬಾಲಗಂಧರ್ವರು ಗಂಡಸರೇ ಅಲ್ಲವೇನು? ಅವರು ಉಟ್ಟ ಸೀರೆ, ಕಟ್ಟಿದ ತುರುಬು ನೋಡಿ ದೊಡ್ಡ ಮನೆತನದ ಹೆಂಗಸರು ಹಾಗೇ ಉಡಲು ಶುರು ಮಾಡಿದ್ದರು. 1964ರಲ್ಲಿ ಪದ್ಮಭೂಷಣ ಬಂತು. ಇನ್ನು ಉಲ್ಟಾ ನೋಡಿ. ಮೈಸೂರಿನ ಆರ್. ನಾಗರತ್ನಮ್ಮನವರು 1958ರಲ್ಲಿ ಬರೀ ಹೆಂಗಸರ ನಾಟಕ ಮಂಡಳಿ ಕಟ್ಟಿ ರಾವಣ, ಕಂಸ, ಭೀಮ ಮಾಡಿದರು. ಮೀಸೆ ತಿರುವಿದರೆ ಗಂಡಸರು ಹಿಂದೆ ಸರಿಯಬೇಕು, ಹಾಗಿತ್ತಂತೆ ಗತ್ತು. ಅವರಿಗೆ ಪದ್ಮಶ್ರೀ 2012ರಲ್ಲಿ.

ಕಂಪನಿಗಳಿಗೆ ನಟಿಯರು ಬಂದ ಮೇಲೆ ಗಂಡಸರ ಸ್ತ್ರೀಪಾತ್ರ ಮೂಲೆಗೆ ಬಿತ್ತು. ಬೀಳಬೇಕಾದ್ದೇ, ಹೆಣ್ಣಿನ ಪಾತ್ರ ಹೆಣ್ಣು ಮಾಡಬೇಕು ಅನ್ನುವುದು ನ್ಯಾಯ. ಆದರೆ ಹಳ್ಳಿಯಲ್ಲಿ ಲೆಕ್ಕ ಬೇರೆ. ಅಲ್ಲಿ ಗಂಡು ಪಾತ್ರಕ್ಕೆ ಊರವರೇ ದುಡ್ಡು ಹಾಕಿ ಪಾತ್ರ ತಗೊಳ್ಳುತ್ತಾರೆ. ಹೆಣ್ಣಿನ ಪಾತ್ರಕ್ಕೆ ಹೊರಗಿನ ನಟಿಯರನ್ನು ಸಂಭಾವನೆ ಕೊಟ್ಟು ಕರೆಸಬೇಕು. ನಾಲ್ಕು ಪಾತ್ರಕ್ಕೆ ನಾಲ್ಕು ನಟಿಯರು, ಬಂಡಿ ಖರ್ಚು, ಊಟ, ಉಳಿಯಲು ಮನೆ. ಬಡ ಊರುಗಳು ಇಬ್ಬರು ನಟಿಯರನ್ನು ಕರೆಸಿ, ಮೂರನೇ ಪಾತ್ರಕ್ಕೆ ಮಾಸ್ತರನ್ನು ಕರೆಯುತ್ತಿದ್ದವು. ಅತ್ತೆ ಪಾತ್ರ ಜಾಸ್ತಿ. ಅತ್ತೆಯಾಗಿ ಅವರು ವೇದಿಕೆಗೆ ಬಂದರೆ ಸೊಸೆಯಂದಿರು ಶಾಪ ಹಾಕುತ್ತಿದ್ದರು ನೋಡಿ!

ಕಲ್ಯಾಣದ ಕಲ್ಲು (ಬಸವಕಲ್ಯಾಣ)

ಸಂಸ್ಕೃತಿ ಅಂತ ಕೇಳಿದ್ದೀರಿ. ಜೇಡರ ದಾಸಿಮಯ್ಯನವರು ನಮ್ಮವರೇ, ಯಾದಗಿರಿ ಜಿಲ್ಲೆ ಸುರಪುರ ಸೀಮೆಯ ಮುದನೂರಿನವರು. ಮೊಲೆ ಮುಡಿ ಬಂದರೆ ಹೆಣ್ಣೆಂಬರು, ಗಡ್ಡ ಮೀಸೆ ಬಂದರೆ ಗಂಡೆಂಬರು, ನಡುವೆ ಸುಳಿವ ಆತ್ಮ ಎರಡೂ ಅಲ್ಲ ಅಂತ ಆಗಲೇ ಹೇಳಿಬಿಟ್ಟಿದ್ದಾರೆ. ಇದಕ್ಕಿಂತ ಇನ್ನೇನು ಬೇಕು?

ಸೂರ್ಯಕಾಂತಿ

ಇನ್ನೇನು ಬೇಕು ಅಂದರೆ, ಬಾಡಿಗೆಗೆ ಒಂದು ರೂಮು ಬೇಕು ಅಣ್ಣಾ.

ಆ ವಚನ ಎಲ್ಲ ವೇದಿಕೆಯಲ್ಲೂ ಹೇಳುತ್ತಾರೆ. ಹೇಳಿದವರ ಮನೆಗೆ ಹೋಗಿ ರೂಮು ಕೇಳಿದರೆ “ನಮ್ಮ ಮನೆಯವಳು ಒಪ್ಪಲ್ಲ” ಅನ್ನುತ್ತಾರೆ. ನಾನು ಮಂಗಳಮುಖಿ. ಮಾಸ್ತರ ವಿಷಯ ಬಂದಿದೆ ಅಂತ ಗೆಳತಿಯೊಬ್ಬಳು ತೋರಿಸಿದಳು, ಅದಕ್ಕೇ ಬರೆಯುತ್ತಿದ್ದೇನೆ.

ಮನೆಯಿಂದ ಹೊರಗೆ ಹಾಕಿದಾಗ ನನಗೆ ಹತ್ತೊಂಬತ್ತು. ಕಲಬುರಗಿಯಲ್ಲಿ ಹನ್ನೊಂದು ಮನೆ ಕೇಳಿದೆ, ಯಾರೂ ಕೊಡಲಿಲ್ಲ. ಮಾಸ್ತರು ತಮ್ಮ ಹೆಸರಿನಲ್ಲಿ ಕರಾರು ಮಾಡಿ ಒಂದು ರೂಮು ಹಿಡಿದುಕೊಟ್ಟರು. ಎರಡು ತಿಂಗಳಿಗೆ ಮನೆ ಮಾಲೀಕರಿಗೆ ಗೊತ್ತಾಯಿತು. ನನ್ನ ಹಾಸಿಗೆ, ಸ್ಟವ್ ಎಲ್ಲ ರಸ್ತೆಯಲ್ಲಿ. ಮುಂಗಡ ಹಣವೂ ಹೋಯಿತು, ಅದು ಮಾಸ್ತರ ಹಣ. ಆಮೇಲೆ ಅಂಗಡಿ ಹಿಂದಿನ ಕೋಣೆಯಲ್ಲಿ ಜರಿ ಬಟ್ಟೆ, ಗದೆ, ಕಿರೀಟದ ನಡುವೆ ಹದಿನಾಲ್ಕು ತಿಂಗಳು ಇದ್ದೆ. ಅಲ್ಲಿಯೇ ಹೊಲಿಗೆ ಕಲಿತೆ. ನನಗಿಂತ ಮೊದಲು ಇಬ್ಬರು, ನನ್ನ ನಂತರ ನಾಲ್ವರು ಅದೇ ಕೋಣೆಯಲ್ಲಿ ಇದ್ದು ಹೋಗಿದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ನಾಟಕ ಇಲ್ಲ, ಗ್ಯಾದರಿಂಗ್ ಇಲ್ಲ, ಅಂಗಡಿಗೆ ಒಂದು ರೂಪಾಯಿ ಇಲ್ಲ. ಬೆಳ್ಳಿ ಡಾಬು ಮಾರಿ ಜೋಳ ತಂದರು. ಟ್ರಂಕಿನಲ್ಲಿ ಈಗ ಇರುವುದು ಬೆಳ್ಳಿಯದಲ್ಲ, ರೋಲ್ಡ್ ಗೋಲ್ಡ್. ಕಣಜ ಅಣ್ಣನಿಗೆ ಅದನ್ನು ಹೇಳಿರಲಿಕ್ಕಿಲ್ಲ.

ಈಗ ಜಗಳದ ಮಾತು. ನಾನು ಮಾಸ್ತರ ಜೊತೆ ಎರಡು ಸಲ ಜಗಳ ಆಡಿದ್ದೇನೆ.

ಒಂದು. ಆರ್ಕೆಸ್ಟ್ರಾದಲ್ಲಿ ಅವರದೊಂದು ಕಾಮಿಡಿ ಐಟಂ ಇತ್ತು. ಚಪ್ಪಾಳೆ ತಟ್ಟಿ, ನಮ್ಮ ಹಾಗೆ ದನಿ ಮಾಡಿ, ಮುಂದೆ ಕೂತ ಗಂಡಸರ ಗಲ್ಲ ಚಿವುಟಿ ಕಾಸು ಕೇಳುವುದು. ಜನ ಬಿದ್ದು ಬಿದ್ದು ನಗುತ್ತಿದ್ದರು. ಒಂದು ರಾತ್ರಿ ನಾನು ಬಟ್ಟೆ ಬದಲಿಸಲು ಹೋಗಿ ಪರದೆ ಹಿಂದೆ ನಿಂತು ಅದನ್ನು ನೋಡಿದೆ. ಮನೆಗೆ ಬಂದ ಮೇಲೆ ಊಟ ಬಡಿಸಲಿಲ್ಲ. “ಯಾಕವ್ವಾ?” ಅಂದರು. “ನೀವು ಇವತ್ತು ನನ್ನ ಮಾರಿ ಬಂದೀರಿ” ಅಂದೆ. ಅವರು ಮಾತಾಡಲಿಲ್ಲ. ಮಾರನೇ ದಿನದಿಂದ ಆ ಐಟಂ ನಿಂತಿತು. ಆರ್ಕೆಸ್ಟ್ರಾದವರು “ಅದಿಲ್ಲ ಅಂದರೆ ನೀವು ಬೇಡ” ಅಂದರು. ಆ ವರ್ಷ ಅವರಿಗೆ ಸಿಕ್ಕಿದ್ದು ಏಳೇ ಕಾರ್ಯಕ್ರಮ.

ಎರಡು. ಒಂದು ಸನ್ಮಾನ ಸಮಾರಂಭ. ಅವರು ಅಕ್ಕಮಹಾದೇವಿ ವೇಷದಲ್ಲಿ ಹಾಡಿದರು, ಶಾಲು ಹೊದಿಸಿದರು, ಫಲಪುಷ್ಪ ಕೊಟ್ಟರು. ಅವರ ಸೀರೆ ಉಡಿಸಿದ ನಾನು ಅಂಥದೇ ಸೀರೆಯಲ್ಲಿ ಗೇಟಿನ ಹತ್ತಿರ ನಿಂತಿದ್ದೆ. ಒಳಗೆ ಬಿಡಲಿಲ್ಲ. ದಾರಿಯಲ್ಲಿ ಕೇಳಿದೆ, “ನೀವು ಬಿಚ್ಚಿ ಮಡಚಿ ಟ್ರಂಕಿನ್ಯಾಗ ಇಡ್ತೀರಿ. ನಾ ಎಲ್ಲಿ ಬಿಚ್ಚಿ ಇಡ್ಲಿ?” ಇದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ. ಅವತ್ತಿನಿಂದ ಎಲ್ಲಿಗೆ ಕರೆದರೂ “ನನ್ನ ಜೋಡಿ ಇಬ್ಬರು ಬರ್ತಾರ, ಅವರಿಗೂ ಕುರ್ಚಿ ಹಾಕ್ರಿ” ಅನ್ನುತ್ತಾರೆ. ಕೆಲವರು ಕುರ್ಚಿ ಹಾಕುತ್ತಾರೆ. ಕೆಲವರು ಮತ್ತೆ ಕರೆಯುವುದೇ ಇಲ್ಲ.

ಅರ್ಜಿಯಲ್ಲಿ ಇದನ್ನೆಲ್ಲ ಬರೆಯುವ ಜಾಗ ಇದೆಯೋ ಇಲ್ಲವೋ. ಇದ್ದರೆ ಬರೆಯಿರಿ.

ಕಲ್ಯಾಣದ ಕಲ್ಲು

ತಂಗಿ, ನಾನು ಸುಮ್ನೆ ವಚನ ಹಾಕಿಬಿಟ್ಟೆ. ತಪ್ಪಾಯಿತು. ಬಸವಕಲ್ಯಾಣದಲ್ಲಿ ನಮ್ಮದೊಂದು ಹಳೇ ಮನೆ ಖಾಲಿ ಇದೆ. ಯಾರಿಗಾದರೂ ಬೇಕಿದ್ದರೆ ಹೇಳು. ಬಾಡಿಗೆ ಮಾತಾಡೋಣ, ಪುಕ್ಕಟೆ ಅಂತ ಹೇಳುತ್ತಿಲ್ಲ.

ಸೂರ್ಯಕಾಂತಿ

ಪುಕ್ಕಟೆ ಅಂದಿದ್ದರೆ ನಂಬುತ್ತಿರಲಿಲ್ಲ. ಹೇಳುತ್ತೇನೆ ಅಣ್ಣಾ.

ಬಿದ್ರಿ ಕಪ್ಪು (ಬೀದರ್)

ನಾನು ಬೀದರಿನವಳು. ಕೆಲವು ವರ್ಷ ಕಲಬುರಗಿಯಲ್ಲಿ ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ ಆಪ್ತಸಮಾಲೋಚಕಿ ಆಗಿದ್ದೆ. ನಮ್ಮ ಕೆಲಸದಲ್ಲಿ ಯಾರ ಗುಟ್ಟನ್ನೂ ಹೊರಗೆ ಹಾಕುವಂತಿಲ್ಲ, ಎಚ್‌ಐವಿ ಬಗ್ಗೆ 2017ರ ಕಾಯಿದೆಯೇ ಇದೆ. ಹಾಗಾಗಿ ಬೇರೆಯವರ ಸುದ್ದಿ ಬರೆಯುವುದಿಲ್ಲ. ಮಾಸ್ತರ ಸುದ್ದಿಯನ್ನು ಅವರಿಗೆ ಫೋನ್ ಮಾಡಿ ಕೇಳಿಯೇ ಬರೆಯುತ್ತಿದ್ದೇನೆ. “ಬರೀರಿ ಬಾಯಾರೇ, ನಂದೇನು ಮುಚ್ಚಿಡೋದದ” ಅಂದರು.

ಕೇಂದ್ರಕ್ಕೆ ಬರಲು ಜನ ಹೆದರುತ್ತಾರೆ. ರಕ್ತ ಕೊಡುವುದಕ್ಕಲ್ಲ, ಬಾಗಿಲಲ್ಲಿ ಯಾರಾದರೂ ನೋಡಿಯಾರು ಅಂತ. ಮಾಸ್ತರು ಹುಡುಗರನ್ನು, ಮಂಗಳಮುಖಿಯರನ್ನು ಕರೆದುಕೊಂಡು ಬರುತ್ತಿದ್ದರು. “ನೀ ಮಾಡಿಸು” ಅಂತ ಒಂದು ದಿನವೂ ಹೇಳಿದ್ದು ಕೇಳಲಿಲ್ಲ. “ನನಗ ಮಾಡಿಸೋದದ, ಜೋಡಿಗೆ ಬಾ” ಅನ್ನುತ್ತಿದ್ದರು. ಮೊದಲು ತಾವು ತೋಳು ಚಾಚಿ ಕೂರುತ್ತಿದ್ದರು. ಜೊತೆಗೆ ಬಂದವರು ನಾಚಿಕೊಂಡು ತಾವೂ ಕೂರುತ್ತಿದ್ದರು. ಕಲಬುರಗಿಯಲ್ಲಿ ಅತಿ ಜಾಸ್ತಿ ಸಲ ಪರೀಕ್ಷೆ ಮಾಡಿಸಿಕೊಂಡ ಮನುಷ್ಯ ಅವರೇ ಇರಬೇಕು ಅಂತ ನಾವು ತಮಾಷೆ ಮಾಡುತ್ತಿದ್ದೆವು.

ಎಚ್‌ಐವಿ ಹತೋಟಿಯಲ್ಲಿಡುವ ಸರ್ಕಾರಿ ಎಆರ್‌ಟಿ ಮಾತ್ರೆ 2004ರಿಂದ ಪುಕ್ಕಟೆ ಸಿಗುತ್ತಿದೆ. ಮಾತ್ರೆ ಸಿಗುವುದು ಕಷ್ಟ ಅಲ್ಲ, ದಿನಾ ತಗೊಳ್ಳುವುದು ಕಷ್ಟ. ಕೆಲಸಕ್ಕೆ ಬೇರೆ ಊರಿಗೆ ಹೋದರು, ಡಬ್ಬಿ ಮನೆಯಲ್ಲಿ ಬಿಟ್ಟರು, ಮುಗಿಯಿತು. ಮಾಸ್ತರು ಇದನ್ನೇ ಒಂದು ಸಣ್ಣ ಆಟ ಮಾಡಿದ್ದರು. ಅತ್ತೆ ಸೊಸೆ ಜಗಳದ ಆಟ. ಅತ್ತೆ ಊರೆಲ್ಲ ಸುತ್ತಿ ಸೊಸೆಯ ಮಾತ್ರೆ ಡಬ್ಬಿ ಬಗ್ಗೆ ಚಾಡಿ ಹೇಳುತ್ತಾಳೆ, ಕೊನೆಗೆ ಅತ್ತೆಯ ಸೆರಗಿನ ಗಂಟಿನಲ್ಲೂ ಅದೇ ಡಬ್ಬಿ ಸಿಗುತ್ತದೆ. ಡಿಸೆಂಬರ್ 1ರ ಏಡ್ಸ್ ದಿನಕ್ಕೆ ಭಾಷಣ ಮಾಡಿದರೆ ಜನ ಎದ್ದು ಹೋಗುತ್ತಾರೆ. ಈ ಆಟಕ್ಕೆ ಲಾರಿ ಡ್ರೈವರುಗಳು ಕೆಳಗಿಳಿದು ನಿಂತು ನೋಡಿದ್ದನ್ನು ನಾನೇ ಕಂಡಿದ್ದೇನೆ. ಆಟ ಮುಗಿದ ಮೇಲೆ ಅದೇ ಅತ್ತೆಯ ದನಿಯಲ್ಲಿ ಏಡ್ಸ್ ಸಹಾಯವಾಣಿಯ 1097 ನಂಬರ್ ಹೇಳಿಕೊಡುತ್ತಿದ್ದರು. “ಒಂದು ಸೊನ್ನಿ ಒಂಬತ್ತು ಏಳು, ಅತ್ತಿ ಮಾತು ಕೇಳು.” ಅದು ಇನ್ನೂ ನನ್ನ ತಲೆಯಲ್ಲಿ ಕೂತಿದೆ.

ಮಂಗಳಮುಖಿಯರ ಗುರುತಿನ ಪತ್ರದ ಕೆಲಸವೂ ಅಷ್ಟೇ. ಸುಪ್ರೀಂ ಕೋರ್ಟ್ ತೀರ್ಪು 2014ರಲ್ಲೇ ಬಂತು, ಕಾಯಿದೆ 2019ರಲ್ಲಿ. ಜಿಲ್ಲಾಧಿಕಾರಿಗಳಿಂದ ಪತ್ರ ತಗೊಳ್ಳಲು ಆನ್‌ಲೈನ್ ಅರ್ಜಿ ಶುರುವಾದಾಗ, ಓದಲು ಬಾರದವರನ್ನು ಸೈಬರ್ ಅಂಗಡಿಗೆ ಕೂರಿಸಿಕೊಂಡು ಹೋದವರು ಇವರೇ. ಮಂಗಳಮುಖಿಯರಿಗೆ ಸರ್ಕಾರ ಕೊಡುವ ಮೈತ್ರಿ ಯೋಜನೆಯ ಮಾಸಾಶನ ಹಲವರಿಗೆ ಬರುವ ಹಾಗೆ ಮಾಡಿಸಿದ್ದಾರೆ. ತಮಗೆ ಮಾತ್ರ ಒಂದು ಅರ್ಜಿ ಹಾಕಿಕೊಂಡಿಲ್ಲ ನೋಡಿ.

ಗಂಜ್ ರೋಡ್

ಒಂದು ಕೇಳಬಹುದಾ? ಮಾಸ್ತರು ಮದುವೆ ಆಗಿದ್ದಾರಾ? ಅಂದರೆ ಅವರು... ಯಾವುದು?

ತೊಗರಿ ಕಣಜ

ಅರ್ಜಿಯಲ್ಲಿ ಆ ಕಾಲಂ ಇಲ್ಲ ಸರ್. ಅಪ್ಪನ ಹೆಸರು, ಬ್ಯಾಂಕ್ ಖಾತೆ, ಆಧಾರ್. ಅಷ್ಟೇ ಕೇಳಿದ್ದಾರೆ.

ಬೇಕಿದ್ದರೆ ಒಂದು ಪ್ರಸಂಗ ಹೇಳುತ್ತೇನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತಲ್ಲ, ಹೆಂಗಸರಿಗೂ ಮಂಗಳಮುಖಿಯರಿಗೂ ಬಸ್ಸು ಉಚಿತ. ಮರುವರ್ಷ ಆಳಂದ ಕಡೆ ಒಂದು ಆಟ ಮುಗಿಸಿ, ಬಣ್ಣ ಕೂಡ ಒರೆಸಿಕೊಳ್ಳದೆ, ಸೀರೆಯಲ್ಲೇ ಬೆಳಗಿನ ಬಸ್ಸು ಹತ್ತಿದೆವು. ಕಂಡಕ್ಟರ್ ನನಗೆ ಟಿಕೆಟ್ ಹರಿದ, ಮಾಸ್ತರಿಗೆ ಸೊನ್ನೆ ಟಿಕೆಟ್ ಕೊಡಲು ಹೋದ. ಮಾಸ್ತರು ಕುಪ್ಪಸದಿಂದ ನೂರರ ನೋಟು ತೆಗೆದು, “ನನಗ ಫುಲ್ ಟಿಕೆಟ್ ಕೊಡಪಾ, ಇದು ಡ್ಯೂಟಿ ಡ್ರೆಸ್” ಅಂದರು. ಕಂಡಕ್ಟರ್ ತನ್ನ ಖಾಕಿ ಒಮ್ಮೆ ನೋಡಿಕೊಂಡ.

ರೀಲ್ಸ್ ರಾಣಿ

ಡ್ಯೂಟಿ ಡ್ರೆಸ್! ಇದನ್ನು ನಾನು ನನ್ನ ಶೋನಲ್ಲಿ ಬಳಸಿಕೊಳ್ಳುತ್ತೇನೆ, ಮಾಸ್ತರಿಗೆ ಹೇಳಿಬಿಡಿ.

ಭೀಮಾ ತೀರ

ಬಸ್ಸಿನ ಮಾತು ಬಂದಿದ್ದಕ್ಕೆ ನೆನಪಾಯಿತು. ನಮ್ಮ ಹಿರಿಯರು ಒಂದು ಕಟ್ಟುನಿಟ್ಟು ಮಾಡಿದ್ದರು. ಆಟ ಮುಗಿದ ಮೇಲೆ ವೇಷ ಬಿಚ್ಚದೆ ಬೀದಿಗೆ ಇಳಿಯಬಾರದು. ದೃಷ್ಟಿ ತಾಗುತ್ತದೆ ಅಂತ ಹೇಳುತ್ತಿದ್ದರು. ನಾನೂ ಹಾಗೇ ನಂಬಿದ್ದೆ.

ಎರಡು ವರ್ಷದ ಕೆಳಗೆ ಮೊಮ್ಮಗ ಒಂದು ಸುದ್ದಿ ಓದಿ ಹೇಳಿದ. ನಮ್ಮ ಕಡೆ ಆಗ ನಿಜಾಮನ ರಾಜ್ಯ ಅಲ್ಲವೇನು, 1948ರ ತನಕ. ನಿಜಾಮನ ಸರ್ಕಾರ 1329ನೇ ಫಸಲಿಯಲ್ಲಿ, ಅಂದರೆ 1919ರ ಸುಮಾರಿಗೆ, ಒಂದು ಕಾಯಿದೆ ಮಾಡಿತ್ತಂತೆ. ಹಿಜಡಾಗಳ ಹೆಸರು ಪಟ್ಟಿಯಲ್ಲಿ ಬರೆದಿಡಬೇಕು. ಆ ಪಟ್ಟಿಯಲ್ಲಿದ್ದವರು ಬೀದಿಯಲ್ಲಿ ಹೆಣ್ಣಿನ ಬಟ್ಟೆ, ಒಡವೆ ಹಾಕಿಕೊಂಡು ಸಿಕ್ಕರೆ, ಹಾಡಿ ಕುಣಿದರೆ, ವಾರಂಟ್ ಇಲ್ಲದೆ ಹಿಡಿಯಬಹುದು. ಎರಡು ವರ್ಷದ ತನಕ ಜೈಲು. ತೆಲಂಗಾಣದ ಹೈಕೋರ್ಟ್ ಅದನ್ನು ರದ್ದು ಮಾಡಿದ್ದು 2023ರ ಜುಲೈನಲ್ಲಿ. ಕೇಳಿ ಮೈ ಜುಮ್ಮೆಂದಿತು. ನಮ್ಮ ಹಿರಿಯರು ಹೆದರಿದ್ದು ದೃಷ್ಟಿಗಲ್ಲ, ಲಾಠಿಗೆ ಅಂತ ನನಗೀಗ ಅನಿಸುತ್ತದೆ. ಪಟ್ಟಿಯವನಾ, ಪಾತ್ರದವನಾ ಅಂತ ಬೀದಿಯಲ್ಲಿ ನಿಂತು ವಿಚಾರಿಸುವ ಪೊಲೀಸ್ ಯಾರಿದ್ದ?

ಸೂರ್ಯಕಾಂತಿ

ಈಗ ಪಟ್ಟಿ ಇಲ್ಲ ಅಜ್ಜಾ, ನೋಟ ಇದೆ.

ಆದರೂ ಇದನ್ನು ಹೇಳಬೇಕು. ನಮ್ಮವರೇ ಆದ ಮಂಜಮ್ಮ ಜೋಗತಿ ಅಮ್ಮ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಪದ್ಮಶ್ರೀ ತಗೊಳ್ಳುವಾಗ ರಾಷ್ಟ್ರಪತಿಗೇ ಸೆರಗಿನಿಂದ ದೃಷ್ಟಿ ತೆಗೆದರು. 2021ರ ನವೆಂಬರ್‌ನಲ್ಲಿ. ಅದನ್ನು ನಾವು ಏಳು ಜನ ಮಾಸ್ತರ ಅಂಗಡಿಯಲ್ಲಿ ಒಂದೇ ಮೊಬೈಲಿನಲ್ಲಿ ನೋಡಿದೆವು. ಮಾಸ್ತರು ಆವತ್ತು ಎಲ್ಲರಿಗೂ ಮಿರ್ಚಿ ಭಜಿ ಕೊಡಿಸಿದರು. ತಾವು ತಿನ್ನಲಿಲ್ಲ, ಗಂಟಲು ಕೆಡುತ್ತದೆ ಅಂತ. ಆಗ ಯಾವ ಆಟವೂ ಇರಲಿಲ್ಲ ಅವರಿಗೆ.

ಶಹಾಬಾದ್ ಪರಸಿ

ತಡವಾಗಿ ಬಂದೆ. ಒಂದು ಸಿಕ್ಕಿದೆ!

ನಮ್ಮ ತಂದೆಯವರದು ಮೊಳೆ ಅಚ್ಚಿನ ಪ್ರೆಸ್ ಇತ್ತು. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್, ಪಾವತಿ ಪುಸ್ತಕ. ಯಾವುದೇ ಕೆಲಸ ಮಾಡಿದರೂ ಒಂದು ಪ್ರತಿ ಫೈಲಿಗೆ ಹಾಕುವುದು ಅವರ ಅಭ್ಯಾಸ. ಪ್ರೆಸ್ ಮಾರಿದಾಗ ಮಷೀನು ತೂಕಕ್ಕೆ ಹೋಯಿತು, ಫೈಲುಗಳು ಮನೆಯಲ್ಲಿ ಉಳಿದವು. ಇವತ್ತು ಮೂರು ಫೈಲು ತಿರುವಿದೆ. ತಿಳಿ ಗುಲಾಬಿ ಕಾಗದ, ಮೇಲೆ “ಪ್ರಿಯ ಕಲಾರಸಿಕರೇ”, ಕೆಳಗೆ ಜಾತ್ರೆಯ ಹೆಸರು, ಕಂಪನಿ ಹೆಸರು, ಟಿಕೆಟ್ ದರ. ಮಾಸ್ತರು ಇದ್ದ ಕಂಪನಿಯೇ, ಭೀಮಾ ತೀರ ಅವರನ್ನು ಫೋನಿನಲ್ಲಿ ಕೇಳಿ ಖಾತ್ರಿ ಮಾಡಿಕೊಂಡೆ. ನಡುವೆ ಒಂದು ಫೋಟೋ ಬ್ಲಾಕ್ ಕೂಡ ಇದೆ, ಮೂಗುತಿ, ತುರುಬು, ಮಸಿ ಸ್ವಲ್ಪ ಹರಡಿದೆ.

ಒಂದೇ ತೊಂದರೆ. ಇದರಲ್ಲಿ ಮಾಸ್ತರ ಹೆಸರಿಲ್ಲ. ಫೋಟೋ ಕೆಳಗೆ ‘ಕುಮಾರಿ’ ಅಂತ ಶುರುವಾಗುವ ಒಂದು ಹೆಣ್ಣಿನ ಹೆಸರಿದೆ. “ಮೊಟ್ಟಮೊದಲ ಬಾರಿಗೆ ನಿಮ್ಮ ಊರಿನಲ್ಲಿ” ಅಂತ ಬೇರೆ.

ಭೀಮಾ ತೀರ

ಅಯ್ಯೋ, ಅವರೇ ಅದು! ಮರೆತೇಬಿಟ್ಟಿದ್ದೆ. ಗಂಡಸು ಅಂತ ಹಾಕಿದರೆ ಟಿಕೆಟ್ ಓಡುವುದಿಲ್ಲ ಅಂತ ಕಂಪನಿ ಮಾಲೀಕರು ಕುಮಾರಿ ಮಾಡಿಬಿಟ್ಟಿದ್ದರು. ಆ ಹೆಸರಿಗೆ ಪ್ರೇಮಪತ್ರ ಬರುತ್ತಿದ್ದವು ರೀ. ಒಬ್ಬ ಮದುವೆ ಮಾತುಕತೆಗೆ ಅಣ್ಣನನ್ನು ಕರೆದುಕೊಂಡು ಬಂದಿದ್ದ. ಮಾಸ್ತರು ಲುಂಗಿ ಉಟ್ಟು ಬೀಡಿ ಸೇದುತ್ತಾ ಕೂತಿದ್ದರು. “ಕುಮಾರಿಯವರು ಎಲ್ಲಿ?” ಅಂದ. “ಮಲಗ್ಯಾಳ, ನಾಳಿ ಬರ್ರಿ” ಅಂದರು.

ತೊಗರಿ ಕಣಜ

ಶಹಾಬಾದ್ ಪರಸಿ ಅವರೇ, ನಿಮ್ಮ ತಂದೆಯವರಿಗೆ ದೊಡ್ಡ ನಮಸ್ಕಾರ. ಇಷ್ಟು ವರ್ಷದ ದುಡಿಮೆಗೆ ಸಿಕ್ಕಿರುವ ಕಾಗದ ಇದೊಂದೇ, ಅದರಲ್ಲೂ ಹೆಸರು ಬೇರೆ. ಈಗ ಏನು ಮಾಡುವುದು?

ಬಿದ್ರಿ ಕಪ್ಪು

ಎರಡೂ ಹೆಸರು ಒಬ್ಬರದೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ. ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಒಂದು ಹೆಸರು ಇದ್ದವರು ಮಾಡಿಸುತ್ತಾರಲ್ಲ, ಅದೇ ನಮೂನೆ.

ಸೂರ್ಯಕಾಂತಿ

ನಮ್ಮವರೆಲ್ಲ ಗಂಡಿನ ಹೆಸರು ತೆಗೆಸಿ ಹೆಣ್ಣಿನ ಹೆಸರು ಹಾಕಿಸಲು ಚಪ್ಪಲಿ ಸವೆಸುತ್ತೇವೆ. ಮಾಸ್ತರದು ಉಲ್ಟಾ ಬಂತು. ನಮ್ಮ ಅಫಿಡವಿಟ್ ಮಾಡಿಕೊಡುವ ನೋಟರಿ ಒಬ್ಬರಿದ್ದಾರೆ, ಜಾಸ್ತಿ ಪ್ರಶ್ನೆ ಕೇಳುವುದಿಲ್ಲ. ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ.

ಗಂಜ್ ರೋಡ್

ಆ ಹ್ಯಾಂಡ್‌ಬಿಲ್ ಹೆಸರು ನನಗೆ ಮಾತ್ರ ಕಳಿಸುತ್ತೀರಾ? ನಮ್ಮ ಅಪ್ಪ ಒಬ್ಬ ಕುಮಾರಿಯ ನಾಟಕ ನೋಡಲು ಹನ್ನೆರಡು ಸಲ ಹೋಗಿದ್ದೆ ಅಂತ ಹೇಳುತ್ತಿದ್ದರು. ಅವ್ವ ಅದಕ್ಕೇ ತಿಂಗಳು ಮಾತು ಬಿಟ್ಟಿದ್ದಳು. ಸುಮ್ನೆ ಕೇಳಿದೆ.

ತೊಗರಿ ಕಣಜ

ಕಳಿಸಿದ್ದೇನೆ ಸರ್, ನೋಡಿಕೊಳ್ಳಿ.

ಎಲ್ಲರಿಗೂ ಸುದ್ದಿ. ಇವತ್ತು ಅಫಿಡವಿಟ್ ಆಯಿತು. ಸೂರ್ಯಕಾಂತಿ ತಂಗಿ ಹೇಳಿದ ನೋಟರಿ ಊರಲ್ಲಿ ಇರಲಿಲ್ಲ, ಬೇರೆಯವರ ಹತ್ತಿರ ಹೋದೆವು. ಅವರು ಹ್ಯಾಂಡ್‌ಬಿಲ್ ತಿರುಗಿಸಿ ಮುರುಗಿಸಿ ನೋಡಿ, “ಈ ಕುಮಾರಿ ಈಗ ಎಲ್ಲಿದ್ದಾರೆ? ಅವರ ಸಹಿಯೂ ಬೇಕಾಗುತ್ತದಲ್ಲ” ಅಂದರು. ಮಾಸ್ತರು, “ಟ್ರಂಕಿನ್ಯಾಗ ಅದಾಳ್ರೀ, ಕರ್ಕೊಂಡು ಬರ್ಲೇನು?” ಅಂದರು. ಆಮೇಲೆ ಅಲ್ಲಿಯೇ, ಪ್ಯಾಂಟು ಅಂಗಿಯಲ್ಲಿ, ಅತ್ತೆಯ ದನಿಯಲ್ಲಿ ನಾಲ್ಕು ಸಾಲು ಹೇಳಿದರು. ಪಕ್ಕದ ಜೆರಾಕ್ಸ್ ಅಂಗಡಿಯವರೂ ಬಂದು ನಿಂತರು. ನೋಟರಿ ಮುದ್ರೆ ಒತ್ತಿದರು.

ಸೋಮವಾರ ಅರ್ಜಿ ಕೊಡುತ್ತೇವೆ. ಜೆರಾಕ್ಸ್ ಮೂರು ಸೆಟ್ ಆಗಿದೆ. ಇನ್ನೂ ಯಾರಿಗಾದರೂ ಫೋಟೋ ಸಿಕ್ಕರೆ ಭಾನುವಾರದೊಳಗೆ ಹಾಕಿ. ಭೀಮಾ ತೀರ ಸರ್, ಸಹಿಗೆ ಹತ್ತೂವರೆಗೆ ಅಂಗಡಿ ಹತ್ತಿರ ಬನ್ನಿ. ಕಾಲ್‌ಪೇಟಿ ತರುವುದು ಬೇಡ. ತಂದರೆ ಮಾಸ್ತರು ಹಾಡಲು ಕೂರುತ್ತಾರೆ, ಕಚೇರಿ ಮುಚ್ಚಿಹೋಗುತ್ತದೆ.